ದಿನಾ 60 ಎಂಎಲ್ ಹೃದಯಕ್ಕೆ ಒಳ್ಳೇದಾ?

ಮಲ್ಪೆ_ಬಂದರು:
ರಾತ್ರಿ ಊಟಕ್ಕೆ ಮೊದಲು 60 ಎಂಎಲ್ ಬ್ರಾಂದಿ ತೆಗೊಂಡರೆ ಎಂತದೂ ಆಗುವುದಿಲ್ಲ, ಹೃದಯಕ್ಕೆ ಒಳ್ಳೇದೇ ಅನ್ನುವವರು ಉಡುಪಿ ಕಡೆ ಸುಮಾರು ಜನ ಉಂಟು. ಶೇಂದಿ, ಬಿಯರ್ ಆದರೆ ಲೆಕ್ಕಕ್ಕೇ ಇಲ್ಲವಂತೆ. 55 ದಾಟಿ ಶುಗರ್ ಮಾತ್ರೆ ತಿನ್ನುವವರಿಗೆ ಇಷ್ಟು ಆಗಬಹುದಾ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಕಾಪು_ದೀಪ:
ಮೊದಲು ‘ಸ್ವಲ್ಪ’ ಅಂದರೆ ಎಷ್ಟು ಅಂತ ನೋಡುವ. ಎಂಎಲ್ ಅನ್ನು ಲೇಬಲ್ಲಿನ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಸಿಗುತ್ತದೆ. 42.8% ಇರುವ ಬ್ರಾಂದಿ 60 ಎಂಎಲ್‌ಗೆ 20 ಗ್ರಾಂ. 8%ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಗೆ 41 ಗ್ರಾಂ, ಅಂದರೆ 60 ಎಂಎಲ್‌ನ ಎರಡು ಲಾರ್ಜ್! ಶೇಂದಿ ಇಳಿಸಿದ ಹೊತ್ತಿಗೆ ಸಿಹಿ, ಹೊತ್ತು ಹೋದಂತೆ ಹುಳಿಯಾಗುತ್ತಾ ಆಲ್ಕೋಹಾಲ್ ಏರುತ್ತದೆ. 5%ಗೆ ಬಂದ ಅರ್ಧ ಲೀಟರಿನಲ್ಲೂ ಅದೇ 20 ಗ್ರಾಂ. ಅಳತೆ ಇಲ್ಲದೆ ಸ್ಟೀಲ್ ಲೋಟಕ್ಕೆ ಸುರಿದರೆ 60 ಎಂಎಲ್ 60ರಲ್ಲಿ ನಿಲ್ಲುವುದೂ ಇಲ್ಲ.

ಹೃದಯದ ಕತೆ ಹಳೇ ಅಧ್ಯಯನಗಳಿಂದ ಬಂದದ್ದು. ಅವುಗಳಲ್ಲಿ ‘ಕುಡಿಯದವರು’ ಅಂತ ಹಾಕಿದ ಗುಂಪಿನಲ್ಲಿ ಕಾಯಿಲೆ ಬಂದು ಬಿಟ್ಟವರೂ ಎಷ್ಟೋ ಕಡೆ ಸೇರಿದ್ದರು. ಹಾಗಾಗಿ ಸ್ವಲ್ಪ ಕುಡಿಯುವವರೇ ಗಟ್ಟಿ ಅಂತ ಕಂಡಿತು. ಮದ್ಯ 1988ರಿಂದಲೇ ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಯಲ್ಲಿ, ಉಂಟು. ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಂತ 60 ಎಂಎಲ್‌ನ ಅಪಾಯವೂ ಕ್ವಾರ್ಟರಿನ (180 ಎಂಎಲ್) ಅಪಾಯವೂ ಒಂದೇ ಅಲ್ಲ. ಪ್ರಮಾಣ ಏರಿದಂತೆ ಅದೂ ಏರುತ್ತದೆ. ಆದರೆ ಔಷಧಿ ಅಂತ ಕುಡಿಯಲು ಕಾರಣವೇ ಇಲ್ಲ.

ಮದ್ದಿನಂಗಡಿ_ಕಂಕನಾಡಿ:
ಶುಗರ್ ಮಾತ್ರೆ ಯಾವುದು ಅನ್ನುವುದು ಮುಖ್ಯ ಮಾರಾಯ್ರೆ. ಗ್ಲಿಮೆಪಿರೈಡ್ ತಿಂದು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಾತ್ರಿ ಸಕ್ಕರೆ ಕುಸಿಯಬಹುದು. ಲಿವರ್ ಆಲ್ಕೋಹಾಲ್ ಕರಗಿಸುವುದರಲ್ಲೇ ಇರುತ್ತದೆ, ಹೊಸ ಸಕ್ಕರೆ ಮಾಡಿ ರಕ್ತಕ್ಕೆ ಬಿಡುವ ಕೆಲಸ ನಿಲ್ಲುತ್ತದೆ. ಬೆವರು, ನಡುಕ, ತೊದಲು ಮಾತು. ಮನೆಯವರು ನೋಡಿ, ಜಾಸ್ತಿ ಆಗಿದೆ, ಮಲಗಲಿ ಅಂತ ಬಿಡುತ್ತಾರೆ. ಎಡವಟ್ಟು ಆಗುವುದೇ ಅಲ್ಲಿ. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಮ್ಮಿ ಬಂದರೆ, ಎಚ್ಚರ ಇದ್ದು ನುಂಗಲು ಆಗುವವರಿಗೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯ ಜೊತೆ ಕುಡಿದರೆ, ಅದರಲ್ಲೂ ಕಿಡ್ನಿ ಸರಿ ಇಲ್ಲದವರಿಗೆ, ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರುವ ಅಪಾಯ. ನಿದ್ದೆ ಮಾತ್ರೆಯ ಜೊತೆ ಒಂದು ಹನಿಯೂ ಬೇಡ, ಉಸಿರಾಟವೇ ನಿಧಾನ ಆಗುತ್ತದೆ.

ಮಲ್ಪೆ_ಬಂದರು:
ಹಾಗಾದರೆ ನಾಳೆಯಿಂದಲೇ ಬಿಡಿಸಬಹುದಾ?

ಕಾಪು_ದೀಪ:
ನಿಜವಾಗಿ 60 ಎಂಎಲ್ ಮಾತ್ರ ಆದರೆ ಸಾಮಾನ್ಯವಾಗಿ ಬಿಡಬಹುದು. ದಿನಾ ಕ್ವಾರ್ಟರ್ ದಾಟುತ್ತಿದ್ದು ಬೆಳಿಗ್ಗೆ ಕೈ ನಡುಗುತ್ತಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಾಣುವ ಸನ್ನಿಯೂ ಬರಬಹುದು. ಅಂಥವರನ್ನು ಮನೋವೈದ್ಯರಿಗೆ ತೋರಿಸಿ. ಥಯಾಮಿನ್ (ವಿಟಮಿನ್ ಬಿ1) ಮತ್ತು ನಡುಕದ ಮದ್ದು ಕೊಟ್ಟು ಬಿಡಿಸುತ್ತಾರೆ. ಎಷ್ಟು ಕುಡಿಯುತ್ತಿದ್ದರು ಅಂತ ಅಲ್ಲಿ ಮರ್ಯಾದೆಗೆ ಅಂಜಿ ಕಮ್ಮಿ ಹೇಳಬೇಡಿ, ಮದ್ದಿನ ಡೋಸು ಅದರ ಮೇಲೆಯೇ.