1975ರ ಟಾಪ್ಸ್ ಬೇಸ್‌ಬಾಲ್ ಸೆಟ್: ಮಿನಿ ಕಾರ್ಡ್ ಲೆಕ್ಕಕ್ಕೆ ಬರುತ್ತಾ?

ವಿರಾಜಪೇಟೆ_ತೋಟ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿದ್ದರು. ಹೋದ ತಿಂಗಳು ಚಿಕ್ಕಮ್ಮ ಅಟ್ಟ ಗುಡಿಸುವಾಗ ಎರಡು ಬಿಸ್ಕತ್ ಡಬ್ಬ ಸಿಕ್ಕವು. ಒಳಗೆ ತುಂಬಾ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು, ಎಲ್ಲ ಟಾಪ್ಸ್ ಕಂಪನಿಯ 1975ರ ಸೆಟ್‌ನವು. ಅವರ ಮಗ, ನಮ್ಮಣ್ಣ, ಚಿಕ್ಕವನಿದ್ದಾಗ ಕೂಡಿಟ್ಟದ್ದು. ಅಣ್ಣ ಈಗ ಇಲ್ಲ. ಈ ಸೆಟ್ ಪೂರ್ತಿ ಮಾಡಲೇಬೇಕು ಅಂತ ನನಗೆ ಆಸೆ.

ಪೂರ್ತಿ ಸೆಟ್ ಅಂದರೆ 660 ಕಾರ್ಡ್. ನಂಬರ್ ಪ್ರಕಾರ ಜೋಡಿಸಿದೆ. 19 ಇಲ್ಲ. ಆ 19ರಲ್ಲಿ 7 ನಂಬರು ಚಿಕ್ಕ ಸೈಜಿನ ಮಿನಿ ಕಾರ್ಡಾಗಿ ಮಾತ್ರ ಇವೆ. ಆ ಏಳರಲ್ಲಿ 228, ಹೆಸರಾಂತ ಆಟಗಾರ ಜಾರ್ಜ್ ಬ್ರೆಟ್‌ನ ಮೊದಲ ಕಾರ್ಡೂ ಒಂದು! ಇದು ಲೆಕ್ಕಕ್ಕೆ ಬರುತ್ತಾ?

ಇನ್ನೊಂದು. ಸೆಟ್‌ನ ಕಾರ್ಡುಗಳ ಪಟ್ಟಿ ಇರುವ ಚೆಕ್‌ಲಿಸ್ಟ್ ಕಾರ್ಡಿನಲ್ಲಿ ಅಣ್ಣ ನೀಲಿ ಪೆನ್ನಿನಲ್ಲಿ ಟಿಕ್ ಹಾಕಿದ್ದಾನೆ. ಒಂದು ಕಡೆ ಚೌಕದಿಂದ ಹೊರಗೆ ಹೋಗಿ, ಒರೆಸಲು ನೋಡಿದ ಗುರುತೂ ಇದೆ. ಬೇರೆ ಕೊಳ್ಳಬೇಕಾ?

ಹಳೇಕಾರ್ಡ್_ಮೈಸೂರು
ಮಿನಿ ಬೇರೆಯೇ ಸೆಟ್ ಅಣ್ಣ. ಅದೇ 660, ಅದೇ ಚಿತ್ರ, ಅಳತೆ ಮಾತ್ರ ಕಮ್ಮಿ. ಟಾಪ್ಸ್‌ನವರು ಆ ವರ್ಷ ಅಲ್ಲಲ್ಲಿ ಮಾರಿ ನೋಡಿದರು, ಮಿಷಿಗನ್ ಅದರಲ್ಲಿ ಒಂದು. ಹಾಗಾಗಿ ನಿಮ್ಮ ಡಬ್ಬದಲ್ಲಿರುವುದು ಸರಿಯಾಗಿದೆ. ದೊಡ್ಡ ಸೆಟ್‌ಗೆ ಅವು ಸೇರುವುದಿಲ್ಲ, ಆದರೆ ಮಾರಬೇಡಿ.

ಹಾಗಂತ ಗಾಬರಿ ಬೇಡ. ಟಾಪ್ಸ್‌ನ 1952ರ ಸೆಟ್‌ನಲ್ಲಿ 311ರಿಂದ 407ರವರೆಗಿನವು ಕೊನೆಗೆ ಬೇರೆಯಾಗಿ ಬಂದದ್ದು, ಸಿಗುವುದೇ ಕಷ್ಟ. 1975ರಲ್ಲಿ ಎಲ್ಲ ನಂಬರೂ ಒಟ್ಟಿಗೇ ಬಂದವು. ಸಾಧಾರಣ ಆಟಗಾರರ ಕಾರ್ಡ್ ಒಬ್ಬನ ಹತ್ತಿರವೇ ಒಟ್ಟಿಗೆ ತಗೊಳ್ಳಿ, ಅಂಚೆ ಖರ್ಚು ಉಳಿಯುತ್ತದೆ. ಅಮೆರಿಕದಿಂದ ಊರಿಗೆ ಬರುವವರಿದ್ದರೆ ಇನ್ನೂ ಒಳ್ಳೆಯದು.

ಬ್ರೆಟ್ ಕೊಳ್ಳುವಾಗ ಹುಷಾರು. ಆ ವರ್ಷದ ಅಂಚು ಎರಡು ಬಣ್ಣದ್ದು. ಸ್ವಲ್ಪ ತಾಗಿದರೂ ಬಿಳಿ ಕಾಣುತ್ತದೆ. ಅದನ್ನು ಮುಚ್ಚಲು ಅಂಚು ಕತ್ತರಿಸಿ ಮಾರುವವರಿದ್ದಾರೆ. ಎರಡೂವರೆ ಇಂಚಿಗೆ ಮೂರೂವರೆ ಇಂಚು ಇದೆಯಾ ಅಂತ ಅಳತೆಯ ಫೋಟೋ ಕೇಳಿ.

ಮಡಿಕೇರಿ_ಮಂಜು
ಸೆಟ್ ಆಮೇಲೆ, ಮೊದಲು ಮಳೆ ನೋಡಿ. ನಮ್ಮಲ್ಲಿ ಜೂನ್ ಬಂತು ಅಂದರೆ ಕಬೋರ್ಡಿನ ಬಟ್ಟೆಗೇ ಬೂಸ್ಟು. ನನ್ನ ಹಾಕಿ ಅಂಚೆಚೀಟಿಗಳು ಒಂದೇ ಮಳೆಗಾಲದಲ್ಲಿ ಅಂಟಿಕೊಂಡು ಹೋದವು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರಬ್ಬರ್ ಬ್ಯಾಂಡ್ ಇದ್ದರೆ ಈಗಲೇ ಬಿಚ್ಚಿ. ಕಾರ್ಡ್ ಇಡುವ ಪ್ಲಾಸ್ಟಿಕ್ ಹಾಳೆ ಪಿವಿಸಿಯದು ಬೇಡ, ಪಾಲಿಪ್ರಾಪಿಲೀನ್ ಅಂತಲೇ ಕೇಳಿ ತಗೊಳ್ಳಿ. ಒಂಬತ್ತು ಜೇಬಿನ ಹಾಳೆಯಾದರೆ 74 ಬೇಕು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ನೆಲಕ್ಕೆ, ಹೊರಗೋಡೆಗೆ ತಾಗದ ಹಾಗೆ ಇಡಿ. ಮಳೆಗಾಲ ಮುಗಿಯುವವರೆಗೆ ಸುಮ್ನೆ ಸುಮ್ನೆ ತೆಗೆಯಬೇಡಿ.

1975 ಅಂದಾಗ ನೆನಪಾಯಿತು. ನಮ್ಮ ಬಿ.ಪಿ. ಗೋವಿಂದ ಹಾಕಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ವರ್ಷ ಅಲ್ವಾ! ಅವರ ಹೆಸರಲ್ಲೂ ಇಂಥದೊಂದು ಕಾರ್ಡ್ ಇರಬೇಕಿತ್ತು.

ಟಿಕ್ ಹಾಕಿದ ಕಾರ್ಡ್ ಮಾತ್ರ ಬದಲಾಯಿಸಬೇಡಿ.

ವಿರಾಜಪೇಟೆ_ತೋಟ
ತುಂಬಾ ಉಪಕಾರ. ರಬ್ಬರ್ ಬ್ಯಾಂಡ್ ಇತ್ತು, ಕರಗಿ ಮೇಲಿನ ಕಾರ್ಡಿಗೆ ಅಂಟಿತ್ತು. ಬಿಡಿಸಿದೆ. ಟಿಕ್ ಕಾರ್ಡ್ ಹಾಗೇ ಇರುತ್ತದೆ. ಚಿಕ್ಕಮ್ಮನಿಗೆ ತೋರಿಸಿದೆ, ಆ ಒರೆಸಿದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಹಾಗಾದರೆ ನನಗೆ ಬೇಕಾದದ್ದು 19. ಯಾರ ಹತ್ತಿರವಾದರೂ ಜಾಸ್ತಿ ಇದ್ದರೆ ಹೇಳಿ, ನಂಬರ್ ಪಟ್ಟಿ ಕಳಿಸುತ್ತೇನೆ.