ನೇಕಾರ ನಗರದ ಮನಿ, ಮಂದಿ ಲೆಕ್ಕ ಎಲ್ಲಿ ಸಿಗ್ತದ?

ಪ್ರಶ್ನೆ: ಹಳೇ ಹುಬ್ಬಳ್ಳಿ ಕಡೆ ನೇಕಾರ ನಗರದಾಗ ಕುಟುಂಬ ಎಷ್ಟು, ಬಾಡಿಗಿಯವರೆಷ್ಟು, ದುಡಿಯೋರೆಷ್ಟು ಅಂತ ಬೇಕಿತ್ರಿ. ಯಾವ ದಾಖಲೆ ನೋಡ್ಬೇಕು?

ಉತ್ತರ 1: 2011ರ ಜನಗಣತಿಯ ವಾರ್ಡ್‌ವಾರು ಪಟ್ಟಿ ತಗೀರಿ. ಕುಟುಂಬ, ಸಾಕ್ಷರರು, ದುಡಿಯೋರು ಎಲ್ಲಾ ಅದರಾಗ ಅದ. ಗೃಹ ಕೈಗಾರಿಕೆ ಕಾಲಂ ಬಿಡಬ್ಯಾಡ್ರಿ, ಮನ್ಯಾಗ ಮಗ್ಗ ಇಟ್ಟವರು ಅಲ್ಲೇ ಬರ್ತಾರ. ಸ್ವಂತ-ಬಾಡಿಗಿ ಮಾತ್ರ ಅದೇ ಜನಗಣತಿಯ ಮನೆಪಟ್ಟಿ (ಮನಿ ಎಣಿಕಿ) ಕೋಷ್ಟಕದಾಗ, ಅದೂ ಶೇಕಡಾದಾಗ.

ಉತ್ತರ 2: ಆದ್ರ ಆಗ ಪಾಲಿಕೆಗೆ 67 ವಾರ್ಡ್, ಈಗ 82. ಬರೇ ನಂಬರ್ ನಂಬಿದ್ರ ಬ್ಯಾರೆ ಓಣಿ ಲೆಕ್ಕ ಬರ್ತದ. ಹಳೇ ಗಡಿ ನಕ್ಷೆ ಮುಂದಿಟ್ಕೊಳ್ರಿ.

ಉತ್ತರ 3: ಆಸ್ತಿ ತೆರಿಗೆ ಪಟ್ಟಿಯಿಂದ ಮಂದಿ ಲೆಕ್ಕ ಹಾಕೋದಂತೂ ಬ್ಯಾಡೇ ಬ್ಯಾಡ. ಒಂದ ಆಸ್ತಿ ನಂಬರಿನಾಗ ಮುಂದಿನ ಖೋಲಿ, ಹಿತ್ತಲ ಖೋಲಿ, ಮ್ಯಾಲ ತಗಡಿನ ಖೋಲಿ ಅಂತ ಮೂರು ಒಲಿ ಉರೀತಿರ್ತಾವ. ಜನಗಣತಿಗೆ ಒಂದ ಅಡಗಿ ಉಣ್ಣೋರು ಒಂದು ಕುಟುಂಬ, ಅಂದ್ರ ಅಲ್ಲಿ ಮೂರು.