ಮಲ್ಲೇಶ್ವರದ ಹಳೆ ಮನೆ: ಹೆಂಚಿನ ಮೇಲಿನ ಇಸವಿ, ಹಿತ್ತಿಲ ಗಲ್ಲಿ, ಸೋರುವ ತಾರಸಿ

ಪ್ರಶ್ನೆ:
ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವಿನ ಒಂದು ಕ್ರಾಸಿನಲ್ಲಿ ಹಳೆ ಮನೆ ಮಾರಾಟಕ್ಕಿದೆ. ಮುಂದಿನ ಜಗಲಿಯ ಹೆಂಚಿನ ಮೇಲೆ 1865 ಅಂತ ಅಚ್ಚಿದೆ, ಬ್ರೋಕರ್ ಅದನ್ನೇ ತೋರಿಸಿ ರೇಟು ಏರಿಸ್ತಿದ್ದಾರೆ. ಹಿತ್ತಿಲ ಗೋಡೆಯಾಚೆ ಸಣ್ಣ ಗಲ್ಲಿ ಇದೆ, ಅದು ಸೈಟಿಗೆ ಸೇರುತ್ತಾ? ಒಳಕೋಣೆಯ ತಾರಸಿ ಬೇರೆ ಸೋರುತ್ತೆ. ತಿಳಿದವರು ಹೇಳಿ.

ಉತ್ತರ 1:
1865 ಮನೆಯ ಇಸವಿ ಅಲ್ಲ ಸರ್. ಮಂಗಳೂರಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಅದನ್ನೇ ಹೆಂಚಿನ ಮೇಲೆ ಒತ್ತುತ್ತಿದ್ದರು. ಆಗ ಮಲ್ಲೇಶ್ವರದಲ್ಲಿ ಬಡಾವಣೆಯೇ ಇರಲಿಲ್ಲ. ಕಾಡು ಮಲ್ಲೇಶ್ವರನ ಗುಡಿ ಮಾತ್ರ ಹಳೆಯದು, ಶಿವಾಜಿಯ ಮಲತಮ್ಮ ಏಕೋಜಿಯ 1669ರ ದತ್ತಿ ಶಾಸನ ಅಲ್ಲಿದೆ. ಬಡಾವಣೆಯ ಯೋಚನೆ ಮೊದಲೇ ಇದ್ದರೂ, ಪೇಟೆಯ ಜನ ಇತ್ತ ಬಂದಿದ್ದು 1898ರ ಪ್ಲೇಗ್ ಹೊಡೆತಕ್ಕೆ. ವಯಸ್ಸು ಬೇಕಿದ್ದರೆ ಹಳೆಯ ಕ್ರಯಪತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತ ಹೋಗಿ. ಹೆಂಚು, ಬಾಗಿಲು, ಕಂಬ ಇವೆಲ್ಲ ಬೇರೆ ಮನೆಯಿಂದ ಬಿಚ್ಚಿ ತಂದದ್ದೂ ಆಗಿರಬಹುದು.

ಉತ್ತರ 2:
ಗಲ್ಲಿ ನಿಮ್ಮದಲ್ಲ. ಅದು ಕನ್ಸರ್ವೆನ್ಸಿ ಲೇನ್. ಕಕ್ಕಸು ಹಿತ್ತಿಲ ತುದಿಯಲ್ಲಿರುತ್ತಿತ್ತು, ಮಲ ಎತ್ತುವವರು ಮುಂಬಾಗಿಲ ಕಡೆ ಸುಳಿಯಬಾರದು ಅಂತ ಈ ದಾರಿ. ಎಂಥ ಅಚ್ಚುಕಟ್ಟಾದ ಪ್ಲಾನು ಅಂತ ಹೊಗಳುವವರಿಗೆ, ಅಲ್ಲಿ ಬಕೆಟ್ ಹೊತ್ತವರು ಯಾವ ಜಾತಿಯವರು ಅನ್ನೋದು ನೆನಪಿಗೆ ಬರಲ್ಲ. ಆಮೇಲೆ ಹಲವು ಕಡೆ ಒಳಚರಂಡಿ ಪೈಪನ್ನೂ ಅಲ್ಲೇ ಎಳೆದರು. ಯಾರಾದರೂ ಒತ್ತುವರಿ ಮಾಡಿ ಮ್ಯಾನ್‌ಹೋಲ್ ಮುಚ್ಚಿದ್ದರೆ, ಕಟ್ಟಿಕೊಂಡಾಗ ನೀರು ನಿಮ್ಮ ಬಚ್ಚಲಿಗೇ ವಾಪಸ್ ಬರುತ್ತೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಆ ದಿಕ್ಕಿಗೆ ಏನು ಬರೆದಿದೆ ನೋಡಿ, ಟೇಪು ಹಿಡಿದು ಸೈಟು ಅಳೆಸಿ.

ಉತ್ತರ 3:
ಒಳಗಿನಿಂದ ಮೇಲೆ ನೋಡಿದಾಗ ಮರದ ತೊಲೆಗಳ ನಡುವೆ ಇಟ್ಟಿಗೆ ಓರೆಯಾಗಿ ಸಾಲುಗಟ್ಟಿದ್ದರೆ ಅದು ಮದ್ರಾಸ್ ತಾರಸಿ. ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ-ಸುಣ್ಣ ಸುಮಾರು ಮೂರಿಂಚು, ಅಳಲೆಕಾಯಿ-ಬೆಲ್ಲದ ನೀರು ಚಿಮುಕಿಸಿ ಮರದ ಹಲಗೆಯಿಂದ ಬಡಿದದ್ದು.

ಸೋರಿತು ಅಂತ ಮೇಲೆ ಸಿಮೆಂಟ್ ಬಳಿಯುವುದೇ ದೊಡ್ಡ ತಪ್ಪು. ಸಿಮೆಂಟ್ ಬಿರುಕು ಬಿಡುತ್ತೆ, ಒಳಹೊಕ್ಕ ನೀರು ಮೇಲೆ ಆರದೆ ತೊಲೆಗೆ ಇಳಿಯುತ್ತೆ. ಮೊದಲು ಗೋಡೆಯೊಳಗೆ ಹೋಗಿರುವ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಒಳಗೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ, ಅಥವಾ ಗೆದ್ದಲು ತಿಂದಿದೆ. ಆ ತೊಲೆ ಬದಲಿಸದೆ ಮೇಲೆ ಕೈಹಾಕಬೇಡಿ. ತೊಲೆ ಗಟ್ಟಿ ಇದ್ದರೆ ಸಿಮೆಂಟ್ ಕೆತ್ತಿಸಿ, ಸಂದುಗಳಿಗೆ ಒಂದು ಪಾಲು ಸುಣ್ಣ, ಒಂದೂವರೆ ಪಾಲು ಸುರ್ಕಿ (ಇಟ್ಟಿಗೆ ಪುಡಿ) ತುಂಬಿಸಿ. ಇಳಿಜಾರು ಹತ್ತಡಿಗೆ ಮೂರಿಂಚಾದರೂ ಇರಲಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಸುಣ್ಣ ಗಟ್ಟಿಯಾಗೋಕೆ ವಾರಗಳೇ ಬೇಕು.